ವಿಸ್ಕಿ ತುಂಬಿದ ಪಿಂಗಾಣಿ ಗೊಂಬೆಗಳು

ಡಲ್ಲಾಸ್ ಹತ್ತಿರದ ಮೆಕಿನ್ನಿ ಊರಿನ ಮನೆಗೆ ಬಂದ ಹೊಸದರಲ್ಲಿ ನನ್ನ ಗಂಡನಿಗೆ ಜನ ಮನೆಯ ಹಳೇ ಸಾಮಾನನ್ನು ಅಂಗಳದಲ್ಲಿಟ್ಟು ಮಾರುವ ಶನಿವಾರದ ಗರಾಜ್ ಸೇಲ್‌ಗಳ ಹುಚ್ಚು ಹತ್ತಿತು. ಒಂದು ದಿನ ಆರು ಪಿಂಗಾಣಿ ಗೊಂಬೆಗಳನ್ನು ತಂದರು. ಹಿಂದೆ ಅಮೆರಿಕದ ಪಶ್ಚಿಮಕ್ಕೆ ಕಾಡು, ನದಿ ದಾಟಿ ಹೋದ ಅನ್ವೇಷಕರ ಗೊಂಬೆಗಳು. ಒಬ್ಬನಿಗೆ ತುಪ್ಪಳದ ಟೋಪಿ, ಇನ್ನೊಬ್ಬನ ಕೈಯಲ್ಲಿ ದುರ್ಬೀನು. ಅಸಲಿಗೆ ಅವು ಬಾಟಲಿಗಳು. ತಲೆಯೇ ಬಿರಡೆ, ಹೊಟ್ಟೆಯೊಳಗೆ ವಿಸ್ಕಿ.

"ಸೀಲ್ ಒಡೆಯಲ್ಲ ಕಣೇ, ಬರೀ ಶೋಗೆ," ಎಂದು ಟಿವಿ ಪಕ್ಕದ ಕಪಾಟಿನಲ್ಲಿ ಸಾಲಾಗಿ ನಿಲ್ಲಿಸಿದರು. ಆಗ ಅವರು ಕುಡಿಯುತ್ತಿರಲಿಲ್ಲ.

ಟೆಲಿಕಾಂ ಕಂಪನಿಗಳು ಮುಗ್ಗರಿಸಿದ ವರ್ಷ ಅವರ ಕೆಲಸ ಹೋಯಿತು. ನಾನು ಹತ್ತಿರದ ಪ್ಲೇನೋ ಊರಿನ ಆಫೀಸಿಗೆ ಹೋಗುತ್ತಿದ್ದೆ. ಆರು ವರ್ಷದ ಮಗಳನ್ನು ಶಾಲೆಯಿಂದ ಕರೆತರುವುದು ಅವರ ಪಾಲಿಗೆ ಬಂತು.

ನವರಾತ್ರಿಗೆ ಗೊಂಬೆ ಕೂರಿಸುವಾಗ ಮೆಟ್ಟಿಲ ಮೇಲೆ ಜಾಗ ಉಳಿಯಿತು. ಟೋಪಿಯವರನ್ನೂ ಇಡಬೇಕೆಂದು ಮಗಳು ಹಟ ಹಿಡಿದಳು.

"ಬೇಡ ಪುಟ್ಟಿ, ಅದರೊಳಗೆ ದೊಡ್ಡವರು ಕುಡಿಯೋದಿದೆ. ದೇವರ ಮುಂದೆ ಇಡಬಾರದು."

"ನೋ ಅಮ್ಮಾ, ದೇ ಆರ್ ಎಂಪ್ಟಿ," ಎಂದವಳು ತಟ್ಟನೆ ಬಾಯಿ ಮುಚ್ಚಿಕೊಂಡಳು. "ಅಪ್ಪ ಸೆಡ್ ಇಟ್ಸ್ ಅ ಸೀಕ್ರೆಟ್."

ಒಂದೊಂದನ್ನೇ ಎತ್ತಿ ನೋಡಿದೆ. ಆರೂ ಹಗುರ. ಹರಿದ ಸೀಲುಗಳನ್ನು ಗೋಂದು ಹಚ್ಚಿ ಅಂಟಿಸಿದ್ದರು.

ಸಂಜೆ ಅವರು ಲೈಬ್ರರಿಯಿಂದ ಬಂದಾಗ ಗೊಂಬೆಗಳು ಊಟದ ಮೇಜಿನ ಮೇಲಿದ್ದವು.

"ರೀ, ಕುಡಿದು ಮಗೂನ ಕೂರಿಸ್ಕೊಂಡು ಡ್ರೈವ್ ಮಾಡಿದ್ರಾ?"

"ಮಧ್ಯಾಹ್ನ ಮನೇಲಿ ಒಬ್ಬನೇ ಇರಕ್ಕಾಗ್ತಿರ್ಲಿಲ್ಲ..."

"ಮಾಡಿದ್ರಾ, ಇಲ್ವಾ?"

"ಮಾಡಿದೆ."

ಕಾರಿನ ಕೀಯನ್ನು ತಾವೇ ನನ್ನ ಮುಂದಿಟ್ಟರು. ಅವರ ಮೇಲಿನ ಸಿಟ್ಟನ್ನು ಹೇಗೋ ನುಂಗಿಕೊಂಡೆ. ಆದರೆ ಗುಟ್ಟು ಬಿಟ್ಟುಕೊಟ್ಟದ್ದು ತನ್ನದೇ ತಪ್ಪೆಂದು ಮಗಳು ಬಾಗಿಲ ಹಿಂದೆ ಅಳುತ್ತಿದ್ದಳು. ಅದನ್ನು ನೋಡಲಾಗಲಿಲ್ಲ.

ಗೊಂಬೆಗಳನ್ನು ಆ ವಾರವೇ ಹಳೇ ಸಾಮಾನಿನ ಅಂಗಡಿಗೆ ಕೊಟ್ಟುಬಂದೆವು. ಡಲ್ಲಾಸ್‌ನ ಚರ್ಚೊಂದರ ಕೋಣೆಯಲ್ಲಿ ಪ್ರತಿ ಮಂಗಳವಾರ ಕುಡಿತ ಬಿಡಲು ಹೊರಟವರು ಸೇರುತ್ತಿದ್ದರು. ಅಲ್ಲಿಗೆ ಅವರನ್ನು ನಾನೇ ಕರೆದೊಯ್ದು, ಹೊರಗೆ ಕಾರಿನಲ್ಲಿ ಕಾಯುತ್ತಿದ್ದೆ. ಮುಂದಿನ ಬೇಸಿಗೆಯಲ್ಲಿ ಅವರಿಗೆ ಆಸ್ಟಿನ್‌ನಲ್ಲಿ ಕೆಲಸ ಸಿಕ್ಕಿ ಎಲ್ಲರೂ ಅಲ್ಲಿಗೆ ಶಿಫ್ಟ್ ಆದೆವು.

ನನಗೆ ತಿಳಿದ ಮಟ್ಟಿಗೆ ಅವರು ಮತ್ತೆ ಕುಡಿಯಲಿಲ್ಲ. ಆದರೂ ವರ್ಷಗಟ್ಟಲೆ, ಅವರು ಮನೆಗೆ ಬಂದ ಕೂಡಲೇ ಏನಾದರೊಂದು ನೆಪ ಮಾಡಿಕೊಂಡು ಉಸಿರಿನ ವಾಸನೆ ನೋಡಲು ಹತ್ತಿರ ಹೋಗುತ್ತಿದ್ದೆ. ಅದು ಅವರಿಗೂ ಗೊತ್ತಿತ್ತು. ನಾನು ಹತ್ತಿರ ಬರಲೆಂದು ಬಾಗಿಲಲ್ಲೇ ಒಂದು ಕ್ಷಣ ನಿಂತುಕೊಳ್ಳುತ್ತಿದ್ದರು.