ಪಟ್ಟಿಗೆ ಹೊಂದದ ಗುಂಡಿಗೆ

ಎರಡನೇ ಮಹಾಯುದ್ಧ ಶುರುವಾಗುವ ಮೊದಲಿನ ಮಾತು. ನಾನು ಹಳಿಯಾಳದ ಡಿಪೋದಲ್ಲಿ ಸಾಗವಾನಿ ತೊಲೆ ಉರುಳಿಸುತ್ತಿದ್ದೆ, ಬೆಳಗ್ಗೆ ಸಂಜೆ ಗರಡಿಯಲ್ಲಿ ಕುಸ್ತಿ. ನಮ್ಮ ಉಸ್ತಾದರು ಮುಸ್ಲಿಮರು. ಹನುಮಪ್ಪನ ಪಟಕ್ಕೆ ಊದಿನಕಡ್ಡಿ ಹಚ್ಚದೆ ಯಾರನ್ನೂ ಕೆಮ್ಮಣ್ಣಿಗೆ ಇಳಿಯಗೊಡುತ್ತಿರಲಿಲ್ಲ. ದಿನವೂ ನಮ್ಮ ಮಣಿಕಟ್ಟು ಹಿಡಿದು ನಾಡಿ ನೋಡುವುದು ಅವರ ಪದ್ಧತಿ. ಅದು ನಿಧಾನವಾದಷ್ಟೂ ಮೈ ಪಳಗಿದೆಯೆಂದು ಅವರಿಗೆ ಖುಷಿ. ನನ್ನದು ಎಲ್ಲರಿಗಿಂತ ನಿಧಾನ. ಆ ಧೈರ್ಯದ ಮೇಲೆಯೇ ಮುಂದಿನ ವರ್ಷಕ್ಕೆ ಬೆಳಗಾವಿ ಕಡೆಯ ಹೆಸರಾಂತ ಪೈಲ್ವಾನನ ಜೊತೆ ನನ್ನ ಜೋಡಿ ಗೊತ್ತುಮಾಡಿದ್ದರು. ಬದುಕಿನಲ್ಲಿ ನನಗೆ ಬೇಕಾಗಿದ್ದುದು ಅದೊಂದೇ ಕುಸ್ತಿ.

ಅಷ್ಟರಲ್ಲಿ ಡಿಪೋಕ್ಕೆ ಕ್ವಿನೈನ್ ಹಂಚಲು ಬಂದ ಡಾಕ್ಟರು ನನ್ನ ನಾಡಿ ಎಣಿಸಿದರು. ನಿಮಿಷಕ್ಕೆ ನಲವತ್ತನಾಲ್ಕು. ಗಡಿಯಾರ ಕೆಟ್ಟಿದೆಯೆಂದು ಅದನ್ನೊಮ್ಮೆ ಅಲುಗಾಡಿಸಿ, ಮತ್ತೆ ಎಣಿಸಿ, ನನ್ನನ್ನು ಪಟ್ಟಣದ ದೊಡ್ಡ ಆಸ್ಪತ್ರೆಗೆ ಅಟ್ಟಿದರು.

ಅಲ್ಲಿ ಗುಂಡಿಗೆಯ ಬಡಿತ ಬರೆಯುವ ಹೊಸ ಯಂತ್ರ ಬಂದಿತ್ತು. ಎರಡು ಕೈ, ಒಂದು ಕಾಲು ಉಪ್ಪುನೀರಿನ ಪಾತ್ರೆಗಳಲ್ಲಿ ಮುಳುಗಿಸಿ ಕೂಡಿಸಿದರು. ಉಪ್ಪಿನಕಾಯಿ ಹಾಕುತ್ತಾರೇನೋ ಅನ್ನಿಸಿತು. ಮುಂಬಯಿಯಲ್ಲಿ ಓದಿ ಬಂದ ಎಳೆಯ ಡಾಕ್ಟರು ಕಾಗದದ ಮೇಲಿನ ಏರಿಳಿತಗಳನ್ನು ಅಳೆದು, ಆರೋಗ್ಯವಂತರ ಅಳತೆಗಳ ಅಚ್ಚಾದ ಪಟ್ಟಿಯೊಂದಕ್ಕೆ ತಾಳೆ ನೋಡಿದರು. ಗುಂಡಿಗೆ ಒಮ್ಮೆ ಬಡಿದು ಸುಧಾರಿಸಿಕೊಳ್ಳುವ ಅಂತರ ಪಟ್ಟಿಯಲ್ಲಿದ್ದುದಕ್ಕಿಂತ ಉದ್ದವಿತ್ತು. ಪಟ್ಟಿ ತಪ್ಪಿರಲು ಸಾಧ್ಯವಿಲ್ಲ, ಆದ್ದರಿಂದ ನಾನು ತಪ್ಪಿದ್ದೆ. ಆರು ತಿಂಗಳು ಕಸರತ್ತು ಬಂದ್ ಎಂದು ಬರೆದುಕೊಟ್ಟರು.

ಉಸ್ತಾದರು ಸರ್ಕಾರಿ ಮೊಹರಿಗೆ ಹೆದರುವವರು, ಒಪ್ಪಿಕೊಂಡರು. ಆದರೆ ಚೀಟಿಯಲ್ಲಿ ಪೈಲ್ವಾನನ ಖುರಾಕಿನ, ಅಂದರೆ ಪುಷ್ಟಿಯ ಊಟದ, ಮಾತಿರಲಿಲ್ಲ. ಹಾಗಾಗಿ ಕಸರತ್ತು ನಿಂತಿತು, ಖುರಾಕು ನಿಲ್ಲಲಿಲ್ಲ. ಪಾಪದ ಹುಡುಗ, ಗುಂಡಿಗೆ ಕೆಟ್ಟಿದೆ ಎಂದು ಓಣಿಯವರೆಲ್ಲ ಸೇರಿ ಬಾದಾಮಿ, ತುಪ್ಪ, ಎಮ್ಮೆಯ ಹಾಲು ಹೆಚ್ಚಿಸಿದರು. ನಾನು ಕಟ್ಟೆಯ ಮೇಲೆ ಕೂತು ತಿಂದೆ. ನಾಲ್ಕು ಮೆಟ್ಟಿಲು ಹತ್ತಿದರೆ ಏದುಸಿರು ಬರುವ ಹೊತ್ತಿಗೆ ಆರು ತಿಂಗಳು ತುಂಬಿತು.

ಮತ್ತೆ ಉಪ್ಪುನೀರು, ಮತ್ತೆ ಕಾಗದ. ನಾಡಿ ಎಂಬತ್ತು, ಅಂತರ ಪಟ್ಟಿಯೊಳಗೆ. ಎಳೆಯ ಡಾಕ್ಟರು ತಮ್ಮ ಚಿಕಿತ್ಸೆಗೆ ತಾವೇ ಮೆಚ್ಚಿ ನನ್ನ ಕೈ ಕುಲುಕಿದರು. ಅಲ್ಲಿದ್ದ ವಯಸ್ಸಾದ ಡಾಕ್ಟರು ಮಾತ್ರ ಎರಡೂ ಕಾಗದ ಪಕ್ಕಪಕ್ಕ ಇಟ್ಟು ಬಹಳ ಹೊತ್ತು ನೋಡಿದರು.

"ಗುಂಡಿಗಿ ಸಾವಕಾಶ ಬಡದ್ರ ಈ ಅಂತರ ಉದ್ದ ಆಗೂದ, ಜೋರ ಬಡದ್ರ ಗಿಡ್ಡ. ಬಡಿತದ ವೇಗ ನೋಡದ ಬರೇ ಪಟ್ಟಿ ನೋಡೀರಿ. ಮದ್ಲಿನ ಕಾಗದದಾಗ ರೋಗ ಇರಲಿಲ್ಲ, ಪೈಲ್ವಾನ ಇದ್ದ."

ಎಳೆಯ ಡಾಕ್ಟರು 'ಪೂರ್ಣ ಗುಣ' ಎಂದು ಬರೆದು ಮೊಹರು ಒತ್ತಿದರು. ನನಗೆ ಸಿಟ್ಟು ಬಂತು, ಅಳುವೂ ಬಂತು. ಚೀಟಿ ಹಿಡಿದು ನೇರ ಗರಡಿಗೆ ಹೋದೆ. ಉಸ್ತಾದರು ಅದನ್ನು ಕಣ್ಣಿಗೊತ್ತಿಕೊಂಡು, ಎಂದಿನಂತೆ ನನ್ನ ಮಣಿಕಟ್ಟು ಹಿಡಿದರು. ಅವರ ಮುಖದ ನಗು ಇಳಿಯಿತು.

"ಇದು ಯಾರ ನಾಡಿ ತಂದೀಪಾ ಬೇಟಾ?"

ಮೂಲೆಯಲ್ಲಿದ್ದ ಸಲಿಕೆ ತಂದು ನನ್ನ ಕೈಗಿಟ್ಟರು. ಗರಡಿಗೆ ಹೊಸದಾಗಿ ಸೇರಿದವರು ಮೊದಲು ಮಾಡುವ ಕೆಲಸ ಕೆಮ್ಮಣ್ಣು ಅಗೆದು ಹದ ಮಾಡುವುದು. ನಾನು ಅಗೆದು ಕೊಟ್ಟ ಮಣ್ಣಿನಲ್ಲಿ ತಾಲೀಮು ಮಾಡಿ, ಬೆಳಗಾವಿಯವನ ಎದುರು ಇನ್ನೊಬ್ಬ ಇಳಿದ.