ಮೂರನೇ ಹಾಡಿನ ಹುಡುಗಿ

ಆ ಬ್ಯಾಂಡಿನ ಹೆಸರು ಹೇಳಿದರೂ ನಿಮಗೆ ಗೊತ್ತಾಗುವುದಿಲ್ಲ, ಅದಕ್ಕೇ ಹೇಳುವುದಿಲ್ಲ. ಗೌರಿಬಿದನೂರಿನ ಒಬ್ಬ ಡ್ರಿಲ್ ಮೇಷ್ಟ್ರು ತಮ್ಮ ಹಾರ್ಮೋನಿಯಮ್ಮಿನ ಜೊತೆಗೆ ಒಂದು ಗಿಟಾರು, ಒಂದು ಡ್ರಮ್ಮು, ಒಂದು ತಮಟೆ ಸೇರಿಸಿ ಕಟ್ಟಿದ ಬ್ಯಾಂಡು. ಮೂವತ್ತು ವರ್ಷಗಳ ಹಿಂದೆ ತೊಂಡೇಬಾವಿಯ ಒಂದು ಮನೆಯಲ್ಲಿ ಕೂತು ಆರು ಹಾಡು ರೆಕಾರ್ಡ್ ಮಾಡಿದರು. ಪಲ್ಲವಿ ಕನ್ನಡ, ಚರಣ ತೆಲುಗು. ನಮ್ಮ ಕಡೆ ಮನೆಯಲ್ಲಿ ಮಾತಾಡುವುದೇ ಹಾಗೆ. ಆರು ಹಾಡಿಗೆ ಬ್ಯಾಂಡೂ ಮುಗಿದುಹೋಯಿತು. ಅಷ್ಟಕ್ಕೇ ನಾನು ಒಂಬತ್ತನೇ ಕ್ಲಾಸಿನಿಂದ ಇವತ್ತಿನವರೆಗೆ ಹುಚ್ಚು ಹಿಡಿಸಿಕೊಂಡು ಕೂತಿದ್ದೇನೆ.

ನಾನೊಬ್ಬನೇ ಅಂದುಕೊಳ್ಳಬೇಡಿ. ವಾಟ್ಸ್ಯಾಪಿನಲ್ಲಿ ನಮ್ಮದೊಂದು ಗುಂಪೇ ಇದೆ. ಗೌರಿಬಿದನೂರಿನ ಆಟೋ ಎಲೆಕ್ಟ್ರಿಷಿಯನ್ನು, ಕೈವಾರದ ರಿಟೈರ್ಡ್ ಬಸ್ ಕಂಡಕ್ಟರು, ಇನ್ನೂ ಎಷ್ಟೋ ಜನ. ಎಲ್ಲರ ಹತ್ತಿರ ಇರುವುದೂ ಒಂದೇ ಅಂಗಡಿಯ ಕ್ಯಾಸೆಟ್ಟು. ಚಿಂತಾಮಣಿ ಬಸ್ ಸ್ಟ್ಯಾಂಡಿನ ಹತ್ತಿರ ಇದ್ದ ಆ ಅಂಗಡಿಗೆ ಮೇಷ್ಟ್ರು ಒಂದು ಪ್ರತಿ ಕೊಟ್ಟಿದ್ದರು. ಅಂಗಡಿಯವನು ಕೇಳಿದವರಿಗೆಲ್ಲ ಕಾಪಿ ಹೊಡೆದು, ಮೇಲೆ ಬಾಲ್ ಪೆನ್ನಿನಲ್ಲಿ ಮೇಷ್ಟ್ರ ಹೆಸರು ಬರೆದು, ಕೆಳಗೆ ‘ಮತ್ತು ಸಂಗಡಿಗರು’ ಅಂತ ಸೇರಿಸಿ ಕೊಡುತ್ತಿದ್ದ. ಆ ಸಂಗಡಿಗರು ಯಾರು ಎಂದು ಯಾರಿಗೂ ಗೊತ್ತಿರಲಿಲ್ಲ.

ನಮ್ಮೆಲ್ಲರ ಪ್ರಾಣ ಇದ್ದದ್ದು ಮೂರನೇ ಹಾಡಿನಲ್ಲಿ. ತೊಂಡೇಬಾವಿ ಸ್ಟೇಷನ್ನಿನಲ್ಲಿ ರೈಲು ತಪ್ಪಿಸಿಕೊಂಡು, ಮುಂದಿನ ರೈಲು ಬರುವ ತನಕ ಕಡಲೆಕಾಯಿ ಬಿಡಿಸುತ್ತಾ ಕೂತವರ ಹಾಡು ಅದು. ಹಾಡಿದ್ದು ಒಬ್ಬ ಹುಡುಗಿ. ಹತ್ತೋ ಹನ್ನೆರಡೋ ವಯಸ್ಸಿರಬೇಕು ಅಂತ ನಮ್ಮ ಅಂದಾಜು. ಎಳೇ ಗಂಟಲು, ಓಡೋಡಿ ಬರುವ ಮಾತು. ಇಷ್ಟು ಚಿಕ್ಕ ಮಗು ಇಷ್ಟು ದೊಡ್ಡವರ ಹಾಗೆ ಹೇಗೆ ಹಾಡಿತು ಎಂದು ಗುಂಪಿನಲ್ಲಿ ವಾರಕ್ಕೊಮ್ಮೆಯಾದರೂ ಚರ್ಚೆ ಆಗುತ್ತಿತ್ತು.

ಹೀಗಿರುವಾಗ ಈ ಸಂಕ್ರಾಂತಿ ಕಳೆದ ಮೇಲೆ ಸುದ್ದಿ ಬಂತು ನೋಡಿ! ಮೇಷ್ಟ್ರು ತೀರಿಕೊಂಡು ಎಷ್ಟೋ ವರ್ಷವಾಗಿತ್ತು. ಅವರ ಮಗಳು ಮನೆಗೆ ಸುಣ್ಣ ಬಳಿಸಲು ಅಟ್ಟ ಖಾಲಿ ಮಾಡಿಸಿದಾಗ ಒಂದು ಟ್ರಂಕು ಸಿಕ್ಕಿತಂತೆ. ಅದರಲ್ಲಿ ಮೊಟ್ಟಮೊದಲು ರೆಕಾರ್ಡ್ ಮಾಡಿದ ಅಸಲಿ ಟೇಪು! ಚಿಕ್ಕಬಳ್ಳಾಪುರದಲ್ಲಿ ಜೆರಾಕ್ಸ್ ಅಂಗಡಿಯ ಮಹಡಿಯ ಮೇಲೆ ಸ್ಟುಡಿಯೋ ಇಟ್ಟುಕೊಂಡಿರುವ ಒಬ್ಬ ಹುಡುಗಿ ಅದನ್ನು ಶುದ್ಧ ಮಾಡಿ ಮತ್ತೆ ಬಿಡುಗಡೆ ಮಾಡುತ್ತಾಳಂತೆ. ಇಂಟರ್‌ನೆಟ್ಟಿನಲ್ಲೂ ಬರುತ್ತದೆ, ಹಳೇ ಕಾಲದ ಹಾಗೆ ಕ್ಯಾಸೆಟ್ಟಾಗಿಯೂ ಬರುತ್ತದೆ, ಯುಗಾದಿ ಮುಗಿದ ವಾರವೇ ಬರುತ್ತದೆ.

ಅವತ್ತು ಗುಂಪಿನಲ್ಲಿ ಆದ ಗಲಾಟೆ ಕೇಳಬೇಡಿ. ಎಲೆಕ್ಟ್ರಿಷಿಯನ್ ಒಂದಾದ ಮೇಲೆ ಒಂದು ವಾಯ್ಸ್ ಮೆಸೇಜು ಹಾಕಿದ. ಒಂದರಲ್ಲಿ ಬರೀ ಶಿಳ್ಳೆ. ನಾನು ಅಟ್ಟದ ಮೇಲಿದ್ದ ಟೇಪ್ ರೆಕಾರ್ಡರನ್ನು ಇಳಿಸಿ, ಶಿಡ್ಲಘಟ್ಟಕ್ಕೆ ಹೊತ್ತುಕೊಂಡು ಹೋಗಿ, ಹೊಸ ಬೆಲ್ಟು ಹಾಕಿಸಿಕೊಂಡು ಬಂದೆ. ನನ್ನ ಹೆಂಡತಿ ಬಾಗಿಲಲ್ಲೇ ನಿಂತು, “ಮದುವೆ ದಿನಾನೂ ಇಷ್ಟು ಹಲ್ಲು ಬಿಟ್ಟಿರ್ಲಿಲ್ಲ ನೀವು” ಅಂದಳು. ಅದೂ ನಿಜವೇ.

ಒಂದು ಕೆಲಸ ಮಾತ್ರ ನನ್ನ ತಲೆಗೆ ಬಿತ್ತು. ಕವರಿನ ಮೇಲೆ ಈ ಸಲ ಎಲ್ಲರ ಹೆಸರನ್ನೂ ಹಾಕಬೇಕು ಅಂತ ಸ್ಟುಡಿಯೋದ ಹುಡುಗಿಯ ಹಟ. ನುಡಿಸಿದವರ ಹೆಸರು ಮೇಷ್ಟ್ರ ದಿನಚರಿ ಪುಸ್ತಕದಲ್ಲಿ ಸಿಕ್ಕಿದವು. ಮೂರನೇ ಹಾಡಿನ ಹುಡುಗಿಯ ಹೆಸರಿರಲಿಲ್ಲ. ಬಹಳ ಹಿಂದೆ ಕಂಡಕ್ಟರು ಬಸ್ಸಿನಲ್ಲಿ ಮೇಷ್ಟ್ರನ್ನೇ ಕೇಳಿದ್ದರಂತೆ. ಅವರು, “ಜಂಗಮಕೋಟೆ ಕಡೆಯವಳು ಕಣಯ್ಯಾ” ಎಂದಷ್ಟೇ ಹೇಳಿ ಇಳಿದುಹೋಗಿದ್ದರಂತೆ. ಜಂಗಮಕೋಟೆ ಪಕ್ಕದ ನಮ್ಮೂರಿನ ಹಾಲಿನ ಡೈರಿಗೆ ನಾನು ಸೆಕ್ರೆಟರಿ. ಸುತ್ತಲ ಮನೆಮನೆಯೂ ಗೊತ್ತು. ಹುಡುಕಿಕೊಡಲು ನನಗಿಂತ ಬೇಕೇ? ಕವರು ಪ್ರಿಂಟಿಗೆ ಹೋಗುವುದರೊಳಗೆ ಹೆಸರು ತರುತ್ತೇನೆ ಅಂತ ಎದೆ ತಟ್ಟಿಕೊಂಡು ಹೇಳಿದೆ.

ಆಗ ಹನ್ನೆರಡು ಅಂದರೆ ಈಗ ನಲವತ್ತೆರಡರ ಹತ್ತಿರ. ಆ ವಯಸ್ಸಿನ ಹೆಂಗಸರನ್ನೆಲ್ಲ ವಿಚಾರಿಸಿದೆ. ಮದುವೆಯಾಗಿ ಹೋದವರ ನಂಬರು ತವರಿನವರಿಂದ ಇಸಕೊಂಡು ಫೋನು ಮಾಡಿದೆ. ಒಬ್ಬಾಕೆಯಂತೂ, “ಅಣ್ಣಾ, ನಾನು ಸ್ಕೂಲಲ್ಲಿ ಪ್ರಾರ್ಥನೆಗೇ ಬಾಯಿ ಬಿಟ್ಟೋಳಲ್ಲ, ನಿಮಗ್ಯಾರು ಹೇಳಿದ್ದು?” ಅಂತ ನಕ್ಕು ಫೋನು ಇಟ್ಟಳು.

‘ಅದು ನಾನೇ’ ಅಂತ ತಾನಾಗಿ ಹೇಳಿದವರು ಒಬ್ಬರಿದ್ದರು. ಅದು ನಾಲ್ಕು ವರ್ಷದ ಹಿಂದಿನ ಮಾತು, ನಾನದನ್ನು ಲೆಕ್ಕಕ್ಕೇ ಹಿಡಿದಿರಲಿಲ್ಲ. ಬೆಳಿಗ್ಗೆ ಡೈರಿಯಲ್ಲಿ ಫೋನಿನಲ್ಲಿ ಮೂರನೇ ಹಾಡು ಹಾಕಿಕೊಂಡು ಹಾಲು ಪರೀಕ್ಷೆ ಮಾಡುತ್ತಿದ್ದೆ. ಸಾಲಿನಲ್ಲಿ ಹಾಲು ಹಿಡಿದು ನಿಂತಿದ್ದ ಒಬ್ಬ ಅಕ್ಕ, “ಅದು ನಾನು ಹಾಡಿರೋದು ಕಣಪ್ಪಾ” ಅಂದರು. ವಯಸ್ಸು ಅರವತ್ತು ದಾಟಿತ್ತು, ಊರಾಚೆ ರೇಷ್ಮೆ ಹುಳು ಸಾಕುವ ಮನೆಯವರು. “ಹಾಗಾದ್ರೆ ಹಾಡಿ ನೋಡಣ” ಅಂದೆ. ಅವರು ನಾಚಿಕೊಳ್ಳದೆ ಹಾಡಿಯೇಬಿಟ್ಟರು: ನಿಧಾನವಾಗಿ, ಭಾರದ ಗಂಟಲಿನಲ್ಲಿ. ನನಗೆ ತಮಾಷೆ ಮಾಡುವ ಚಟ. ಕೈಯಲ್ಲಿ ಹಾಲಿಗೆ ನೀರು ಬೆರೆತಿದೆಯೇ ಅಂತ ನೋಡುವ ಲ್ಯಾಕ್ಟೋಮೀಟರ್ ಬೇರೆ ಇತ್ತು. ಅದನ್ನು ಎತ್ತಿ ತೋರಿಸಿ, “ಡಿಗ್ರಿ ನಿಲ್ತಿಲ್ಲ ಅಕ್ಕಾ, ಈ ಮಾತಿಗೆ ನೀರು ಜಾಸ್ತಿ ಬಿದ್ದಿದೆ” ಅಂದೆ. ಸಾಲಿಗೆ ಸಾಲೇ ಬಿದ್ದು ಬಿದ್ದು ನಕ್ಕಿತು. ಆಮೇಲೆ ಅವರ ಮನೆಯ ಹಾಲನ್ನು ಅವರ ಸೊಸೆ ತರತೊಡಗಿದಳು. ಯಾಕೆ ಅಂತ ನಾನು ಕೇಳಲೂ ಇಲ್ಲ.

ಅಂತೂ ಕೇಳಿಸುವ ದಿನ ಬಂತು. ಬಿಡುಗಡೆಗೆ ಮೊದಲು ಗುಂಪಿನ ಕೆಲವರು ಬಂದು ಕೇಳಿ ಹೋಗಿ ಅಂತ ಸ್ಟುಡಿಯೋದ ಹುಡುಗಿ ಕರೆದಿದ್ದಳು. ಬೆಳಿಗ್ಗೆ ಹನ್ನೊಂದಕ್ಕೆ ಅಂದರೆ ನಾವು ಒಂಬತ್ತೂವರೆಗೇ ಜೆರಾಕ್ಸ್ ಅಂಗಡಿ ಮುಂದೆ ಹಾಜರು. ಎಲೆಕ್ಟ್ರಿಷಿಯನ್ ಇಸ್ತ್ರಿ ಮಾಡಿದ ಬಿಳೀ ಶರ್ಟು ಹಾಕಿದ್ದ. ಕಂಡಕ್ಟರು ಎರಡು ಸಲ ಕಾಫಿ ಕುಡಿದರು. ಮೇಷ್ಟ್ರ ಮಗಳು ಅಪ್ಪನ ಹಾರ್ಮೋನಿಯಮ್ಮನ್ನೂ ಆಟೋದಲ್ಲಿ ಹೇರಿಕೊಂಡು ಬಂದಿದ್ದರು, ಕವರಿಗೆ ಅದರ ಫೋಟೋ ಬೇಕಾಗಿತ್ತು. ನಾನು ಹೋಲಿಸಿ ನೋಡಲು ನನ್ನ ಹಳೇ ಕ್ಯಾಸೆಟ್ಟನ್ನು ಜೇಬಿನಲ್ಲಿಟ್ಟುಕೊಂಡಿದ್ದೆ.

ಮೊದಲ ಹಾಡು ಶುರುವಾಯಿತು. ನಾಲ್ಕು ಸಾಲು ಮುಗಿಯುವುದರೊಳಗೆ ಎಲೆಕ್ಟ್ರಿಷಿಯನ್ ಎದ್ದು ನಿಂತ.

“ನಿಲ್ಸಮ್ಮಾ, ನಿಲ್ಸು! ಸ್ಪೀಡ್ ತಪ್ಪಾಗಿದೆ. ಎತ್ತಿನ ಗಾಡಿ ಹೋದಂಗೆ ಹೋಗ್ತಿದೆ.”

“ಇಲ್ಲ ಸರ್, ಇದೇ ಕರೆಕ್ಟು.”

“ಏನ್ ಕರೆಕ್ಟು? ಮೂವತ್ತು ವರ್ಷದಿಂದ ಕೇಳ್ತಿದ್ದೀವಿ ನಾವು!” ಅಂತ ನಾನೂ ದನಿ ಏರಿಸಿದೆ. ಸಿಟ್ಟೇ ಬಂದಿತ್ತು ನನಗೆ. ನಮ್ಮ ಹಾಡನ್ನು ಕೆಡಿಸಿಬಿಟ್ಟಳಲ್ಲಾ ಅಂತ.

ಸ್ಟುಡಿಯೋದ ಹುಡುಗಿ ಹಾಡಿನ ಶುರುವಿನಲ್ಲಿ ಮೇಷ್ಟ್ರು ಶ್ರುತಿ ಹಿಡಿದಿದ್ದ ಜಾಗಕ್ಕೆ ಟೇಪನ್ನು ತಂದು ನಿಲ್ಲಿಸಿದಳು. ಆಮೇಲೆ ಮೇಷ್ಟ್ರ ಮಗಳಿಗೆ, “ಆಂಟಿ, ಹಾರ್ಮೋನಿಯಂ ಮೇಲೆ ಇದೇ ಸ್ವರದ ಮನೆ ಒತ್ತಿ” ಅಂದಳು. ಅವರು ಒತ್ತಿದರು. ಟೇಪಿನ ಸ್ವರ, ಪೆಟ್ಟಿಗೆಯ ಸ್ವರ ಒಂದಕ್ಕೊಂದು ಅಂಟಿಕೊಂಡವು. ಆಮೇಲೆ ನನ್ನ ಕ್ಯಾಸೆಟ್ಟು ಹಾಕಿದಳು. ಅದು ಅದೇ ಪೆಟ್ಟಿಗೆಯಲ್ಲಿ ಎರಡು ಮನೆ ಮೇಲೆ ಹೋಗಿ ಕೂತಿತ್ತು.

“ಆ ಅಂಗಡಿಯವರ ಕಾಪಿ ಮಾಡೋ ಮೆಷಿನ್ನು ನಿಧಾನಕ್ಕೆ ಸುತ್ತುತ್ತಿತ್ತು ಸರ್. ನಿಧಾನಕ್ಕೆ ತುಂಬಿಸಿದ್ದು ಮನೆ ಟೇಪ್ ರೆಕಾರ್ಡರಲ್ಲಿ ಬೇಗ ಬೇಗ ಓಡತ್ತೆ. ಗಂಟಲೂ ತೆಳ್ಳಗಾಗತ್ತೆ. ನೀವೆಲ್ಲ ಮೂವತ್ತು ವರ್ಷದಿಂದ ಕೇಳಿರೋದು ತಪ್ಪು ಸ್ಪೀಡು.”

ಎಲೆಕ್ಟ್ರಿಷಿಯನ್ ಮತ್ತೆ ಕೂತ. ಕೊನೆಗೆ ಕಂಡಕ್ಟರು, “ಮೂರನೇದು ಹಾಕಮ್ಮಾ” ಅಂದರು.

ಮೂರನೇ ಹಾಡು ಬಂತು. ಅದರಲ್ಲಿ ಹುಡುಗಿ ಇರಲಿಲ್ಲ. ಒಬ್ಬ ದೊಡ್ಡ ಹೆಂಗಸು ಹಾಡುತ್ತಿದ್ದರು: ನಿಧಾನವಾಗಿ, ಭಾರದ ಗಂಟಲಿನಲ್ಲಿ. ಎಲೆಕ್ಟ್ರಿಷಿಯನ್ “ಅಬ್ಬಬ್ಬಾ!” ಅಂತ ತೊಡೆ ತಟ್ಟಿಕೊಂಡ. ಸಿಟ್ಟು ಎಲ್ಲಿ ಹೋಯಿತೋ, ಎಲ್ಲರಿಗೂ ರೋಮಾಂಚನ. ಹಾಡು ಮುಂಚಿನದಕ್ಕಿಂತ ನೂರು ಪಾಲು ಚೆನ್ನಾಗಿತ್ತು. ನನಗೆ ಮಾತ್ರ ಕಿವಿ ಸುಟ್ಟ ಹಾಗಾಯಿತು. ಆ ಗಂಟಲು ನನಗೆ ಗೊತ್ತಿತ್ತು. ನನ್ನ ಡೈರಿಯಲ್ಲಿ, ನನ್ನ ಮುಂದೆಯೇ ಹಾಡಿ, ನನ್ನಿಂದ ನಗೆಪಾಟಲಾಗಿ ಹೋದ ಗಂಟಲು.

ಹಾಡನ್ನು ಫೋನಿಗೆ ಹಾಕಿಸಿಕೊಂಡೆ. “ಯಾಕೋ, ಊಟಕ್ಕೆ ನಿಲ್ಲಲ್ವಾ?” ಅಂತ ಎಲೆಕ್ಟ್ರಿಷಿಯನ್ ಕೂಗುತ್ತಿದ್ದ ಹಾಗೆಯೇ ಬೈಕು ಹತ್ತಿದೆ. ದಾರಿಯುದ್ದಕ್ಕೂ ಖುಷಿ ಒಂದು ಕಡೆ, ನಾಚಿಕೆ ಒಂದು ಕಡೆ. ಸಿಕ್ಕಿದಳು, ಸಿಕ್ಕಿದಳು ಅಂತ ಕೂಗಬೇಕು ಅನ್ನಿಸುತ್ತಿತ್ತು. ಕಂಕುಳಲ್ಲಿ ಕೂಸು ಇಟ್ಟುಕೊಂಡು ಊರೆಲ್ಲಾ ಹುಡುಕಿದ ಜಾತಿ ನಾನು. ಆದರೆ ಅವರ ಮುಂದೆ ಯಾವ ಮುಖ ಹೊತ್ತು ನಿಲ್ಲಲಿ?

ಅವರು ಹುಳು ಮನೆಯಲ್ಲಿ ತಟ್ಟೆಗಳಿಗೆ ಸೊಪ್ಪು ಹಾಕುತ್ತಿದ್ದರು. ನನ್ನನ್ನು ನೋಡಿ, “ಏನಪ್ಪಾ ಸೆಕ್ರೆಟ್ರಿ, ಹಾಲಲ್ಲೇನಾದ್ರೂ ದೋಷ ಬಂತಾ?” ಅಂದರು. ಅವರ ಸೊಸೆಯೂ ಗಾಬರಿಯಾಗಿ ಬಾಗಿಲಿಗೆ ಬಂದಳು.

“ದೋಷ ನನ್ನದು ಅಕ್ಕಾ. ಇದೊಂದು ಕೇಳಿ” ಅಂತ ಫೋನು ಹಿಡಿದೆ.

ಅವರು ಸೊಪ್ಪು ಕೈಯಲ್ಲಿ ಹಿಡಿದುಕೊಂಡೇ ಕೇಳಿದರು. ಪಲ್ಲವಿ ಮುಗಿಯುವ ಹೊತ್ತಿಗೆ ನೆಲದ ಮೇಲೆ ಕೂತುಬಿಟ್ಟಿದ್ದರು. ಹಾಡು ಮುಗಿಯಿತು. “ಇನ್ನೊಂದ್ಸಲ ಹಾಕು” ಅಂದರು. ಹಾಕಿದೆ.

“ಹಂಗಾದ್ರೆ ಮೇಷ್ಟ್ರು ನನ್ನ ತೆಗೆದುಹಾಕಿರ್ಲಿಲ್ಲ” ಅಂದರು.

ನನಗೆ ಅರ್ಥವಾಗಲಿಲ್ಲ. ಅವರೇ ಹೇಳಿದರು. “ನಾನು ಶಿಡ್ಲಘಟ್ಟದಲ್ಲಿ ರೇಷ್ಮೆ ನೂಲು ಬಿಚ್ಚೋಕೆ ಹೋಗ್ತಿದ್ದೆ ಕಣಪ್ಪಾ. ಕೆಲಸ ಮಾಡ್ತಾ ಹಾಡ್ತಿದ್ದಿದ್ದನ್ನ ಮೇಷ್ಟ್ರು ಕೇಳಿ ಕರ್ಕೊಂಡು ಹೋದ್ರು. ಒಂದೇ ಒಂದು ದಿನ ಹಾಡಿದ್ದು. ನಮ್ಮನೇಲಿ ಟೇಪ್ ರೆಕಾರ್ಡರ್ ಎಲ್ಲಿತ್ತು? ಆಮೇಲೊಂದು ದಿನ ಬಸ್ಸಲ್ಲಿ ಆ ಹಾಡು ಬಂತು. ಮಾತೆಲ್ಲ ನನ್ನವೇ, ಗಂಟಲು ನನ್ನದಲ್ಲ, ಯಾರೋ ಮಗೂದು. ನಾನು ಹಾಡಿದ್ದು ಚೆನ್ನಾಗಿಲ್ಲ ಅಂತ ನನ್ನ ತೆಗೆದು ಮಗು ಕೈಲಿ ಹಾಡಿಸವ್ರೆ ಅಂದ್ಕೊಂಡೆ. ಮೇಷ್ಟ್ರನ್ನ ಕೇಳೋಕೆ ಮನಸ್ಸು ಬರ್ಲಿಲ್ಲ. ಆದ್ರೂ ಒಳಗೊಂದು ಆಸೆ. ನಿನ್ನ ಡೈರಿ ಹತ್ರ ಕೇಳ್ದಾಗ, ನೋಡಣ, ಯಾರಾದ್ರೂ ಹೌದು ಅಂತಾರೇನೋ ಅಂತ ಹಾಡಿದೆ. ನೀವೆಲ್ಲ ನಕ್ಕಿದ್ರಲ್ಲ, ಸರಿ ಬಿಡು, ನಾನಲ್ಲ ಅಂತ ಸುಮ್ಮನಾದೆ.”

ನನಗೆ ಅಳು ಬಂತು. ತಪ್ಪಾಯ್ತು ಅಕ್ಕಾ ಅಂದೆ. ಅಂಗಡಿಯ ಮೆಷಿನ್ನಿನ ವಿಷಯ ಹೇಳಿದೆ, ಯುಗಾದಿ ಆದ ವಾರ ಬಿಡುಗಡೆ ಎಂದೆ, ಕವರಿನ ಮೇಲೆ ಹೆಸರು ಹಾಕುತ್ತಾರೆ, ನಿಮ್ಮ ಪೂರ್ತಿ ಹೆಸರು ಹೇಳಿ ಎಂದೆ. ಡೈರಿಯ ಪುಸ್ತಕದಲ್ಲಿ ಇದ್ದದ್ದು ಅವರ ಗಂಡನ ಹೆಸರು. ಇಷ್ಟು ವರ್ಷ ಅವರ ಹಾಲು ಅಳೆದರೂ ನನಗೆ ಅವರ ಹೆಸರು ಗೊತ್ತಿರಲಿಲ್ಲ.

ಅವರು ಕಣ್ಣೊರೆಸಿಕೊಂಡು ಎದ್ದರು. ಸೆರಗು ಕೊಡವಿ ಸಿಕ್ಕಿಸಿಕೊಂಡರು.

“ನಗಿಸಿದ್ದು ಅಷ್ಟು ಜನದ ಮುಂದೆ, ತಪ್ಪಾಯ್ತು ಅನ್ನೋದು ಹುಳು ಮನೇಲಾ? ಹೆಸರು ನಾಳೆ ಹೇಳ್ತೀನಿ, ಬೆಳಿಗ್ಗೆ, ಡೈರಿ ಹತ್ರ. ಹಾಲು ನಾನೇ ತರ್ತೀನಿ. ನೀನು ಏನೂ ಮಾತಾಡ್ಬೇಡ, ಹಾಡು ಹಾಕು ಸಾಕು.”

ಸೊಸೆ ಬಾಗಿಲಲ್ಲಿ ಬಾಯಿ ತೆರೆದುಕೊಂಡು ನಿಂತಿದ್ದಳು. “ಅತ್ತೇ, ನೀವಾ?” ಅಂದಳು. “ಮತ್ತಿನ್ಯಾರೇ?” ಅಂದರು ಅವರು.

ಮಾರನೇ ಬೆಳಿಗ್ಗೆ ಆರಕ್ಕೆ ನಾನು ಬಾಗಿಲು ತೆಗೆಯುವ ಹೊತ್ತಿಗೇ ಅವರು ಸಾಲಿನಲ್ಲಿ ಮೊದಲಿಗರಾಗಿ ನಿಂತಿದ್ದರು. ಹೊಸ ಸೀರೆ, ತಲೆಗೆ ಹೂವು. ಹಿಂದೆ ಸಾಲು ಬೆಳೆಯುವವರೆಗೆ ಅವರೂ ಕಾದರು, ನಾನೂ ಕಾದೆ. ಅವತ್ತು ನಕ್ಕವರಲ್ಲಿ ಹೆಚ್ಚುಕಡಿಮೆ ಎಲ್ಲರೂ ಬಂದರು. ನಾನು ಮಾತಾಡದೆ ಹಾಡು ಹಾಕಿದೆ. ಮೊದಲು ಯಾರಿಗೂ ಏನೂ ತಿಳಿಯಲಿಲ್ಲ, ಕ್ಯಾನು ಇಡುವುದು, ಹರಟುವುದು ನಡೆದೇ ಇತ್ತು. ಪಲ್ಲವಿ ಎರಡನೇ ಸಲ ಬಂದಾಗ ಅವರು ಹಾಲನ್ನು ಕಟ್ಟೆಯ ಮೇಲಿಟ್ಟು, ಫೋನಿನ ಜೊತೆಗೇ ಹಾಡತೊಡಗಿದರು. ಗಂಟಲಿಗೆ ವಯಸ್ಸಾಗಿತ್ತು, ಅಲ್ಲಲ್ಲಿ ಒಡೆಯುತ್ತಿತ್ತು. ಹರಟೆ ನಿಂತಿತು. ಒಬ್ಬರು ಫೋನಿನ ಕಡೆ ನೋಡಿದರು, ಅವರ ಕಡೆ ನೋಡಿದರು, ಮತ್ತೆ ಫೋನಿನ ಕಡೆ ನೋಡಿದರು. ತೆಲುಗಿನ ಚರಣದಲ್ಲಿ ಒಂದು ಉದ್ದದ ಸಾಲಿದೆ. ಅದರ ನಡುವೆ, ಟೇಪಿನ ಗಂಟಲು ಎಲ್ಲಿ ಉಸಿರು ತೆಗೆದುಕೊಂಡಿತೋ ಅಲ್ಲೇ ಅವರೂ ಉಸಿರು ತೆಗೆದುಕೊಂಡರು.