ಸರ್ವರ್ ಕೂರಿಸಿದವನ ಮದುವೆ ಕಾರ್ಡು

ಇವತ್ತು ಮಧ್ಯಾಹ್ನ ಮಡಕಶಿರಾದ ಒಂದು ಆಫೀಸಿನಲ್ಲಿ ಕೂತಿದ್ದೆ. ನಾಲ್ಕೈದು ಕಂಪ್ಯೂಟರ್ ಇರುವ ಕಡೆ ಒಂದು ಸರ್ವರ್ ಕೂರಿಸಿ, ಯಾರ ಮೇಜಿನಿಂದಾದರೂ ಅದೇ ಫೋಲ್ಡರ್ ತೆರೆಯುವ ಹಾಗೆ ಮಾಡಿಕೊಡುವುದು ನನ್ನ ಕಸುಬು. ಎಲ್ಲ ಮುಗಿಸಿ ಟೀ ಲೋಟ ಕೈಗೆತ್ತಿಕೊಂಡಿದ್ದೆ, ಗುಮಾಸ್ತೆ ಭಾಗ್ಯಮ್ಮ ಕರೆದರು. "ಏನ್ ಸಾರ್ ಇದು? ಈ ಫೈಲು ಬೇರೆ ಯಾರೋ ತೆಗ್ದವ್ರೆ, ನೀವು ಬರೀ ನೋಡ್ಬೋದು ಅಂತೈತೆ." ಪರದೆಯ ಮೇಲಿನ ಆ ಸಣ್ಣ ಚೌಕ ಕಂಡರೆ ಈಗಲೂ ನನ್ನ ಹಣೆ ಕಡಿಯುತ್ತದೆ. ಬಾಸಿಂಗ ಕಟ್ಟುವ ಜಾಗದಲ್ಲೇ ಕಡಿಯುತ್ತದೆ. ಯಾಕೆ ಅಂತ ನಿಮಗೆ ಹೇಳಿಬಿಡುತ್ತೇನೆ, ನಗಬೇಡಿ ಅಂತೇನೂ ಇಲ್ಲ.

ಆಂಧ್ರದ ಗಡಿಯೊಳಗಿನ ನಮ್ಮ ರಾಯದುರ್ಗದಲ್ಲಿ, ಓಣಿಯ ಮೂಲೆಗೆ ಒಂದು ಪ್ರೆಸ್ಸು. ನಮ್ಮ ಕಡೆ ಮದುವೆ ಕಾರ್ಡಿಗೆ ಎರಡು ಪುಟ ಇರಲೇಬೇಕು. ಮನೆಯಲ್ಲಿ ಎಲ್ಲರ ಬಾಯಲ್ಲೂ ಕನ್ನಡವೇ, ಆದರೆ ಶಾಲೆಯಲ್ಲಿ ನಾವು ಕಲಿತದ್ದು ತೆಲುಗು. ಹಿರಿಯರಲ್ಲಿ ಓದು ಬಂದವರು ಓದುವುದು ಕನ್ನಡ. ಹಾಗಾಗಿ ಪ್ರೆಸ್ಸಿನಲ್ಲಿ ತೆಲುಗು ಪುಟ ಓಬಳೇಶಣ್ಣನದು, ಕನ್ನಡ ಪುಟ ಶಾರದಕ್ಕನದು. ಇಬ್ಬರ ಮಧ್ಯೆ ಕೆಂಪು ದಾರ ಕಟ್ಟಿದ ಒಂದೇ ಪೆನ್‌ಡ್ರೈವ್. ಅದು ಯಾರ ಕೈಯಲ್ಲಿರುತ್ತದೋ ಅವರೇ ತಿದ್ದಬೇಕು. ಕೈ ಬದಲಾಗುವಾಗ ಶಾರದಕ್ಕ ಎದ್ದು ಬಂದು "ಓಬಳೇಶಾ, ಕೇಳು" ಅಂತ ದೇವರ ಹೆಸರಿನಿಂದ ಹಿಡಿದು ಕೊನೆಯ ಮೊಮ್ಮಗನ ಹೆಸರಿನವರೆಗೆ ಗಟ್ಟಿಯಾಗಿ ಓದುತ್ತಿದ್ದಳು. ಅವನು ತನ್ನ ಪುಟದ ಮೇಲೆ ಬೆರಳಿಟ್ಟುಕೊಂಡು ಹೂಂಗುಟ್ಟುತ್ತಿದ್ದ. ಬೆಂಚಿನ ಮೇಲೆ ಕಾಯುತ್ತಿದ್ದ ಗಿರಾಕಿಗಳೂ ಕಿವಿಗೊಟ್ಟು, "ಸಣ್ಣಪ್ಪನ ಹೆಸರು ಬಿಟ್ಟೀರಲ್ರೀ" ಅನ್ನುತ್ತಿದ್ದರು.

ಅದೆಲ್ಲ ನನಗೆ ತಮಾಷೆಯಾಗಿ ಕಾಣುತ್ತಿತ್ತು. ಆಗಷ್ಟೇ ನೆಟ್‌ವರ್ಕ್ ಕೋರ್ಸ್ ಮುಗಿಸಿ ಬಂದಿದ್ದೆ, ಸರ್ಟಿಫಿಕೇಟಿನ ಲ್ಯಾಮಿನೇಶನ್ ಇನ್ನೂ ಬಿಸಿಯಾಗಿತ್ತು. ಮಾಲೀಕರನ್ನು ಒಪ್ಪಿಸಿ ಒಂದು ಹಳೇ ಕಂಪ್ಯೂಟರ್ ಡಬ್ಬಿಯನ್ನು ಸರ್ವರ್ ಮಾಡಿದೆ. ಇಬ್ಬರಿಗೂ ಹೆಸರು, ಪಾಸ್‌ವರ್ಡ್, ತಿದ್ದುವ ಹಕ್ಕು ಕೊಟ್ಟೆ. ಕಾರ್ಡುಗಳೆಲ್ಲ ಒಂದೇ ಫೋಲ್ಡರಿಗೆ ಬಂದವು. ಪೆನ್‌ಡ್ರೈವನ್ನು ಮೊಳೆಗೆ ನೇತುಹಾಕಿ, "ಇನ್ನ ಮ್ಯಾಲ ಯಾರೂ ಏಳೋದು ಬ್ಯಾಡ, ಕುಂತಲ್ಲೇ ಕೆಲಸ" ಅಂತ ಭಾಷಣ ಮಾಡಿದೆ.

ಶಾರದಕ್ಕ ಕನ್ನಡಕದ ಮೇಲಿಂದ ನೋಡಿದಳು. "ಕುಂತಲ್ಲೇ ಆದ್ರ ಓದಿದ್ದು ಕೇಳೋರು ಯಾರಪ್ಪ?"

"ಅದನ್ನೆಲ್ಲ ಸರ್ವರ್ ನೋಡ್ಕೊಂತೈತಿ ಬಿಡಕ್ಕ" ಅಂದೆ. ಎಂಥ ಮಾತು ಆಡಿಬಿಟ್ಟೆ.

ಅದೇ ವರ್ಷ ನನ್ನ ಮದುವೆ ಕೂಡಿಬಂತು. ಮೊದಲು ಶುಕ್ರವಾರ ಅಂತ ಗೊತ್ತಾಗಿತ್ತು. ಆಮೇಲೆ ಪುರೋಹಿತರು ಹಿಂದಿನ ದಿನವೇ ಒಳ್ಳೆಯದು ಅಂದರು, ಗುರುವಾರ ಆಯಿತು. ಪ್ರೆಸ್ಸಿಗೆ ಹೇಳಿದೆ. ಓಬಳೇಶಣ್ಣ ಫೈಲು ತೆರೆದು ತೆಲುಗು ಪುಟ ತಿದ್ದಿದ. ಅದೇ ಹೊತ್ತಿಗೆ ಶಾರದಕ್ಕನೂ ತೆರೆದಳು, ಆ ಚೌಕ ಬಂತು, ಬರೀ ನೋಡಬಹುದು. ಪಾಪ, ಅವಳು ಕನ್ನಡ ಪುಟವನ್ನು ಸರಿಯಾಗಿಯೇ ತಿದ್ದಿ, ಬೇರೆ ಹೆಸರು ಕೊಟ್ಟು ಇನ್ನೊಂದು ಪ್ರತಿಯಾಗಿ ಪಕ್ಕದಲ್ಲಿ ಉಳಿಸಿದಳು. ಅಚ್ಚಿಗೆ ಹೋದದ್ದು ಓಬಳೇಶಣ್ಣ ತಿದ್ದಿದ ಮೊದಲಿನ ಫೈಲು. ತೆಲುಗಿನಲ್ಲಿ ಗುರುವಾರ, ಕನ್ನಡದಲ್ಲಿ ಶುಕ್ರವಾರ. ಅಚ್ಚಿಗೆ ಮುಂಚೆ ನನಗೆ ತೋರಿಸಿದ್ದರು. ತೆಲುಗು ಪುಟ ನೋಡಿ ಸೈ ಹಾಕಿದೆ. ತೆಲುಗು ಬಲ್ಲವನಿಗೆ ಕನ್ನಡ ಅಕ್ಷರ ತೀರ ಪರಕೀಯವೇನಲ್ಲ, ಒಂದೇ ಮನೆಯ ಅಣ್ಣತಮ್ಮಂದಿರು ಅವು. ಕಷ್ಟಪಟ್ಟರೆ ಕೂಡಿಸಿ ಓದಬಹುದಿತ್ತು, ಪಡಲಿಲ್ಲ.

ಮೊದಲ ಕಾರ್ಡು ಗುಮ್ಮಘಟ್ಟದ ಕಡೆಯ ನನ್ನ ಸೋದರಮಾವನಿಗೆ. ಅಮ್ಮನಿಗೆ ಇರುವವನು ಒಬ್ಬನೇ ಅಣ್ಣ. ನಮ್ಮಲ್ಲಿ ಮದುಮಗನಿಗೆ ಬಾಸಿಂಗ ಕಟ್ಟಬೇಕಾದವನು ಅವನೇ. ನಾನು ಹೋದಾಗ ಮಾವ ಕುರಿ ಹೊಡೆದುಕೊಂಡು ಬಳ್ಳಾರಿ ಕಡೆಯ ಎರೆ ಹೊಲಗಳಿಗೆ ಹೊರಟು ನಿಂತಿದ್ದ. "ಯಾವತ್ತೋ?" ಅಂತ ಕೇಳಿದ. ಬಾಯಿಬಿಟ್ಟು ಒಂದು ಮಾತು ಹೇಳಿದ್ದರೆ ಆಗುತ್ತಿತ್ತು. "ಕಾರ್ಡಿನಾಗ ಎಲ್ಲಾ ಐತಿ ಮಾವ, ಓದ್ಕೋ" ಅಂದೆ. ಅವನು ಅಲ್ಲೇ ಓದಿ, ಮಡಿಚಿ ರುಮಾಲಿನೊಳಗೆ ಇಟ್ಟುಕೊಂಡ.

ತಪ್ಪು ಗೊತ್ತಾದದ್ದು ಬುಧವಾರ. ದೇವರ ಊಟಕ್ಕೆ ಬಂದ ಅಜ್ಜ ಒಬ್ಬರು "ನಾಡಿದ್ದಲ್ಲೇನು ಮದುವಿ?" ಅಂದರು. ಕನ್ನಡ ಓದುವ ಹಿರಿಯರಿಗೆಲ್ಲ ಫೋನು ಹಚ್ಚಿದೆವು. ಎಲ್ಲರೂ ಸಿಕ್ಕರು, ಮಾವನೊಬ್ಬ ಸಿಗಲಿಲ್ಲ. ಅವನ ಫೋನಿಗೆ ಚಾರ್ಜ್ ಇದ್ದರೆ ಸಿಗ್ನಲ್ ಇಲ್ಲ, ಸಿಗ್ನಲ್ ಇದ್ದರೆ ಚಾರ್ಜ್ ಇಲ್ಲ. ಹುಡುಕಲು ಬೈಕಿನಲ್ಲಿ ಹೋದ ತಮ್ಮ ಊರೂರು ಸುತ್ತಿ ಬರಿಗೈಲಿ ಬಂದ. ಗುರುವಾರ ಅಮ್ಮ ಛತ್ರದ ಬಾಗಿಲು ನೋಡುತ್ತಲೇ ನಿಂತಿದ್ದಳು. ಮುಹೂರ್ತ ಮೀರುತ್ತೆ ಅಂತ ದೂರದ ಮಾವ ಒಬ್ಬರು ಬಾಸಿಂಗ ಕಟ್ಟಿದರು. ಅಮ್ಮ ಅಕ್ಷತೆ ಹಾಕಿ ಮತ್ತೆ ಬಾಗಿಲ ಕಡೆಗೇ ತಿರುಗಿದಳು. ಅವತ್ತಿನಷ್ಟು ನಾಚಿಕೆ ನನಗೆ ಯಾವತ್ತೂ ಆಗಿಲ್ಲ.

ಶುಕ್ರವಾರ ಬೆಳಿಗ್ಗೆ ಅಂಗಳದಲ್ಲಿ ಪಾತ್ರೆ ಬೋರಲು ಹಾಕಿದ್ದೆವು. ಹೊಸ ಧೋತ್ರ ಉಟ್ಟು, ತನ್ನ ಕೈಯಿಂದ ತಂದ ಬಾಸಿಂಗವನ್ನು ವಸ್ತ್ರದಲ್ಲಿ ಸುತ್ತಿಕೊಂಡು ಮಾವ ಬಂದ. ಪಾತ್ರೆ ನೋಡಿದ, ನನ್ನ ಪಕ್ಕದಲ್ಲಿದ್ದ ಹೆಂಡತಿಯ ಕೊರಳು ನೋಡಿದ. ರುಮಾಲಿನಿಂದ ಕಾರ್ಡು ತೆಗೆದು ಕನ್ನಡ ಪುಟ ನನ್ನ ಮುಂದೆ ಹಿಡಿದ.

"ಓದು."

ಹೊಸ ಹೆಂಡತಿಯ ಎದುರಿಗೆ, ಒಂದನೇ ಕ್ಲಾಸಿನವನ ಹಾಗೆ, ಅಕ್ಷರ ಕೂಡಿಸಿ ಕೂಡಿಸಿ ಶುಕ್ರವಾರದ ತನಕ ಬಂದು ನಿಂತೆ.

"ನಂದೇನರ ತಪ್ಪೈತೇನು?"

"ಇಲ್ಲ ಮಾವ. ನಂದೇ."

"ಮತ್ತ ಕುಂದ್ರು."

ಅಂಗಳದಲ್ಲೇ ಮಣೆ ಹಾಕಿಸಿ, ಇಬ್ಬರನ್ನೂ ಕೂರಿಸಿ, ತಾನು ತಂದ ಬಾಸಿಂಗವನ್ನು ನನ್ನ ಹಣೆಗೆ ಕಟ್ಟಿದ. ಗಂಟನ್ನು ಬೇಕಂತಲೇ ಬಿಗಿಯಾಗಿ ಎಳೆದ ಅಂತ ನನ್ನ ಅನುಮಾನ. ಅಮ್ಮ ಆಗ ಅತ್ತಳು, ಎರಡು ದಿನದ್ದನ್ನೂ ಸೇರಿಸಿ ಅತ್ತಳು. ಮರುದಿನ ಪ್ರೆಸ್ಸಿಗೆ ಹೋದರೆ ಮೊಳೆಯ ಮೇಲೆ ಪೆನ್‌ಡ್ರೈವ್ ಇರಲಿಲ್ಲ, ಶಾರದಕ್ಕ ನಿಂತು ಓದುತ್ತಿದ್ದಳು. ನನ್ನನ್ನು ನೋಡಿಯೂ ನಿಲ್ಲಿಸಲಿಲ್ಲ. ನಾನು ಕನ್ನಡ ಓದು ಬರಹ ಕಲಿತದ್ದು ಆಮೇಲೆ, ಮಾವನ ಕುರಿಹಟ್ಟಿಯಲ್ಲಿ, ಅವನ ಬೈಗುಳದ ಜೊತೆಗೆ.

ಭಾಗ್ಯಮ್ಮ ಇನ್ನೂ ಚೌಕ ನೋಡುತ್ತಾ ಕೂತಿದ್ದರು. "ಬೇರೆ ಹೆಸರು ಕೊಟ್ಟು ಉಳಿಸ್ಲಾ ಸಾರ್?"

"ಬೇಡ ತಾಯಿ. ಎದ್ದು ಹೋಗಿ ಯಾರು ತೆಗೆದಿದ್ದಾರೆ ಕೇಳಿ. ತಿದ್ದಿದ ಮೇಲೆ ಇಬ್ಬರೂ ಕೂತು ಒಂದು ಸಲ ಗಟ್ಟಿಯಾಗಿ ಓದಿ."

"ಇದಕ್ಕೆ ಸರ್ವರ್ ಯಾಕೆ ಸಾರ್ ಮತ್ತೆ?" ಅಂತ ಗೊಣಗುತ್ತಾ ಎದ್ದು ಹೋದರು. ನ್ಯಾಯವಾದ ಪ್ರಶ್ನೆ.

ಅಷ್ಟರಲ್ಲಿ ಅಮ್ಮನ ಫೋನು. "ಹೋಳಿಗಿ ಮಾಡೀನಿ, ನಿಮ್ಮ ಮಾವನೂ ಬಂದಾನ. ರಾತ್ರಿ ಊಟಕ್ಕರ ಮುಟ್ಟತೀಯಿಲ್ಲೋ?" ನಮ್ಮ ಮದುವೆಯ ದಿನ ಅಂತ ಹೆಂಡತಿ ನಿನ್ನೆಯೇ ಪಾಯಸ ಮಾಡಿದ್ದಳು. ಅಮ್ಮ ಪ್ರತಿ ವರ್ಷ ಮರುದಿನ ಹೋಳಿಗೆ ಮಾಡುತ್ತಾಳೆ. ತಾರೀಖು ತಪ್ಪು ಅಂತ ಯಾರೂ ಅವಳಿಗೆ ಹೇಳುವುದಿಲ್ಲ. ಅವಳ ಲೆಕ್ಕದಲ್ಲಿ ಮಗನ ಮದುವೆ ಆದದ್ದು ಅಣ್ಣ ಬಂದ ದಿನ.